ನೀರೊಲೆಯ ರೊಟ್ಟಿ

ಮೊನ್ನೆ ನನ್ನ ಮಂಚದ ಕಾಲು ಅಲುಗಾಡತೊಡಗಿತು. ಅದರ ಕೆಳಗೆ ಇಡಲು ತೆಳ್ಳಗಿನದೇನಾದರೂ ಸಿಕ್ಕೀತೆಂದು ಮೆಟ್ಟಿಲ ಕೆಳಗಿನ ಹಳೆಯ ಪೆಟ್ಟಿಗೆಯನ್ನು ಎಳೆದು ತೆಗೆದೆ. ಒಣಗಿ ಕಲ್ಲಾದ ಎರಡು ಬ್ರಶ್ಶು, ಮುಚ್ಚಳ ಹತ್ತಿಹೋದ ಕೆಂಪು ಬಣ್ಣದ ಡಬ್ಬಿ, ಎಣ್ಣೆ ಡಬ್ಬಿಯ ತಗಡಿನಲ್ಲಿ ನಾನೇ ಕತ್ತರಿಸಿದ ಅಚ್ಚುಗಳು ಅದರಲ್ಲಿದ್ದವು. ಸೊನ್ನೆಯಿಂದ ಒಂಬತ್ತರ ತನಕ ಅಂಕಿಗಳು, ಒಂದು ಓರೆ ಗೀಟು, ಒಂದು ‘ಅ’. ಆ ‘ಅ’ ತಗಡು ಮಂಚದ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಇಡಲೆಂದು ಬಗ್ಗಿದೆ, ಕೈ ಬರಲಿಲ್ಲ. ಮಂಚ ಇನ್ನೂ ಅಲುಗಾಡುತ್ತಿದೆ. ಅದರ ಮೇಲೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದು ಮಂಚದ ತಪ್ಪು. ಉಳಿದ ತಪ್ಪೆಲ್ಲ ನನ್ನದು.

ನಮ್ಮೂರು ಆಳಂದ. ನಾನು ಅಲ್ಲಿ ಬೋರ್ಡು ಬರೆಯುವವನು. ಕಲಿತದ್ದು ನಾಲ್ಕನೇ ತರಗತಿ, ಅದೂ ಪೂರ್ತಿ ಅಲ್ಲ. ಆದರೆ ಅಕ್ಷರ ದುಂಡಗಿದ್ದವು. ಅಕ್ಷರ ದುಂಡಗಿರುವವನಿಗೆ ವಿದ್ಯೆಯೂ ಇರಬೇಕೆಂದು ಜನ ನಂಬುತ್ತಾರೆ. ನಾನು ಆ ನಂಬಿಕೆಯನ್ನು ಯಾವತ್ತೂ ಕೆಡಿಸಲಿಲ್ಲ. ಒಮ್ಮೆ ಒಬ್ಬರ ಅಂಗಡಿಗೆ ‘ಬಟ್ಟೆ ಅಂಗಡಿ’ ಎಂದು ಬರೆಯಲು ಹೋಗಿ ‘ಬೆಟ್ಟ ಅಂಗಡಿ’ ಎಂದು ಬರೆದುಬಿಟ್ಟೆ. ಎರಡು ವರ್ಷ ಆ ಬೋರ್ಡು ಹಾಗೇ ಇತ್ತು. ಅಂಗಡಿಯವರಿಗೆ ಓದಲು ಬರುತ್ತಿರಲಿಲ್ಲ, ಓದಲು ಬರುವವರು ನಕ್ಕು ಒಳಗೆ ಹೋಗಿ ಬಟ್ಟೆ ಕೊಳ್ಳುತ್ತಿದ್ದರು. ವ್ಯಾಪಾರ ಹೆಚ್ಚಾಯಿತೆಂದು ಆತ ನನಗೊಂದು ಟೋಪಿ ಕೊಟ್ಟ.

ನನಗಿಂತ ಮೂರು ವರ್ಷ ದೊಡ್ಡವಳು ನೀಲಕ್ಕ. ಅವಳನ್ನು ಸಾಲೆಗೆ ಕಳಿಸಲಿಲ್ಲ. ನಾನು ಸಾಲೆಯಿಂದ ಬರುವ ಹೊತ್ತಿಗೆ ಅವಳು ಅವ್ವನ ಪಕ್ಕದಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದಳು. ಪರಾತದಲ್ಲಿ ಹಿಟ್ಟು ಹರಡಿ, “ಇವತ್ತ ಏನ್ ಕಲಿಸ್ಯಾರ, ಬರದು ತೋರ್ಸು” ಅನ್ನುವಳು. ನಾನು ಅವಳ ತೋರುಬೆರಳು ಹಿಡಿದು ಹಿಟ್ಟಿನ ಮೇಲೆ ‘ಅ’ ಬರೆಸುತ್ತಿದ್ದೆ. ಮರುದಿನ ‘ಆ’ಕ್ಕೆ ಹೋಗೋಣವೆಂದರೆ ಅವಳು ಒಪ್ಪುತ್ತಿರಲಿಲ್ಲ.

“ಮೊದಲ ಇದು ನೆಟ್ಟಗ ಬರಲಿ. ಇದರ ಹೊಟ್ಟಿ ದುಂಡ ಆಗವಲ್ದು.”

“ಅಕ್ಕಾ, ಮುಂದ ಇನ್ನೂ ಭಾಳ ಅಕ್ಷರ ಅವ.”

“ಇರ್ಲಿ ಬಿಡೋ. ಅಕ್ಕಂದು ಅ. ನನಗ ಇಷ್ಟ ಸಾಕು.”

ಅದು ನಿಜವಾಗಿಯೂ ಅಷ್ಟಕ್ಕೇ ನಿಂತಿತು. ‘ಅ’ದ ಹೊಟ್ಟೆ ದುಂಡಗಾಗುವುದರೊಳಗೆ ಅವಳನ್ನು ಅಫಜಲಪುರಕ್ಕೆ ಮದುವೆ ಮಾಡಿ ಕೊಟ್ಟರು. ಆ ದಿನ ಪರಾತದ ಹಿಟ್ಟಿನಲ್ಲಿ ಅವಳು ಬರೆದಿಟ್ಟ ಕೊನೆಯ ‘ಅ’ವನ್ನು ಅವ್ವ ನೋಡದೆ ನೀರು ಹಾಕಿ ನಾದಿಬಿಟ್ಟಳು. ರೊಟ್ಟಿಯಾಯಿತು, ತಿಂದೆವು.

ಹನ್ನೆರಡು ವರ್ಷದ ಮೇಲೆ ನೀಲಕ್ಕ ವಾಪಸು ಬಂದಳು. ಗಂಡ ಇನ್ನೊಬ್ಬಳನ್ನು ತಂದಿದ್ದ. ತವರಿಗೆ ಬರುವವರು ಬಟ್ಟೆಯ ಗಂಟು ತರುತ್ತಾರೆ. ಇವಳು ತಂದದ್ದು ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳಂತೆ. ಕಂಡಕ್ಟರ್, “ಏನಬೇ ಯವ್ವಾ, ಬಸ್ಸಿನ್ಯಾಗ ರೊಟ್ಟಿ ಬಡಿತಿಯೇನು?” ಎಂದನಂತೆ. “ಹಿಟ್ಟ ನೀ ತಾ, ನಾ ಬಡಿತೇನಿ. ಟಿಕೀಟ ಮಾತ್ರ ಕೇಳಬ್ಯಾಡ” ಎಂದಳಂತೆ ಇವಳು. ಈ ಕತೆ ಹೇಳಿ ಅವಳು ನಕ್ಕಳು. ನಾವೂ ನಕ್ಕೆವು. ಬೇರೆ ಏನನ್ನೂ ಕೇಳುವ ಧೈರ್ಯ ನಮಗೆ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಮನೆ ನನ್ನ ಹೆಸರಿಗಿತ್ತು. ನನ್ನ ಹೆಂಡತಿ ಶಾಂತಾ ಒಳ್ಳೆಯವಳು. ಈ ಪ್ರಬಂಧದಲ್ಲಿ ಯಾರಾದರೂ ಕೆಟ್ಟವರು ಬೇಕೆಂದು ನೀವು ಹುಡುಕುತ್ತಿದ್ದರೆ ಅವಳನ್ನು ಬಿಟ್ಟುಬಿಡಿ. ಬಂದ ದಿನವೇ ಅವಳು ಒಲೆಯ ಮುಂದಿನ ಮಣೆ ಸರಿಸಿ, “ಬರ್ರಿ ಅಕ್ಕಾರ, ಕುಂದರ್ರಿ” ಅಂದಳು.

“ಬ್ಯಾಡ ಶಾಂತಾ,” ಅಂದಳು ಅಕ್ಕ. “ಇನ್ನೊಬ್ಬರ ಒಲಿ ಮುಂದ ಹನ್ನೆರಡು ವರ್ಷ ಕುಂತು ಬಂದೇನಿ. ಇನ್ನ ನನ್ನ ಒಲಿ ನಾ ಹೂಡ್ತೇನಿ.”

ನಮ್ಮ ಹಿತ್ತಲಲ್ಲಿ ಅಪ್ಪನ ಕಾಲದ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮೇಲೆ ಶಹಾಬಾದಿ ಪರಸಿ ಕಲ್ಲಿನ ಚಾವಣಿ, ಹಿಂದಿನ ಓಣಿಗೆ ಒಂದು ಬಾಗಿಲು. ಅಕ್ಕ ಎಂಟು ದಿನದಲ್ಲಿ ಅದನ್ನು ಖೋಲಿ ಮಾಡಿದಳು. ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿದಳು, ಮಣ್ಣಿಗೆ ಹೊಟ್ಟು ಕಲಸಿ ಒಲೆ ಹೂಡಿದಳು. ತೊಗರಿ ಕಟ್ಟಿಗೆ ಉರಿಸಿ ಬಸ್ ಸ್ಟ್ಯಾಂಡಿನ ಖಾನಾವಳಿಗೆ ದಿನಾ ರೊಟ್ಟಿ ಬಡಿದುಕೊಡಲು ಶುರುಮಾಡಿದಳು. ಬೆಳಿಗ್ಗೆ ಎದ್ದರೆ ಹಿತ್ತಲಿಂದ ಪಟಪಟ ಪಟಪಟ. ಬೇರೆಯವರ ಊರಲ್ಲಿ ಕೋಳಿ ಕೂಗಿ ಎಬ್ಬಿಸುತ್ತದೆ, ನನ್ನನ್ನು ಎಬ್ಬಿಸಿದ್ದು ಅಕ್ಕನ ಅಂಗೈ.

ಈಗ ಪುರಸಭೆಯ ಕಾಯ್ದೆಯ ವಿಷಯ. ಹೆದರಬೇಡಿ, ನನಗೂ ಅದು ಪೂರ್ತಿ ತಿಳಿದಿಲ್ಲ. ಮೊದಲಿನ ನಿಯಮ ಹೀಗಿತ್ತು: ಒಂದು ಜಾಗಕ್ಕೆ ಒಂದೇ ಮನೆ, ಒಂದೇ ನಂಬರು. ಹಿತ್ತಲಲ್ಲಿ ಕೊಟ್ಟಿಗೆ, ಬಚ್ಚಲು, ಕಟ್ಟಿಗೆ ಇಡುವ ಖೋಲಿ ಇರಬಹುದು. ಮನುಷ್ಯರು ಇದ್ದರೆ ಅವರು ಕಾಗದದ ಮೇಲೆ ಇಲ್ಲ. ಆಮೇಲೆ ಆ ನಿಯಮ ಬದಲಾಯಿತು. ಹಿಂದಿನ ಖೋಲಿಗೆ ತನ್ನದೇ ಬಾಗಿಲು, ತನ್ನದೇ ಒಲೆ ಇದ್ದು, ಜಾಗದ ಮಾಲಕ ಒಪ್ಪಿ ರುಜು ಹಾಕಿದರೆ ಅದೂ ಒಂದು ಮನೆಯೇ ಎಂದು ಡಂಗುರ ಸಾರಿದರು. ಮುಂದಿನ ಮನೆಯ ನಂಬರೇ ಅದಕ್ಕೆ, ಜೊತೆಗೆ ಓರೆ ಗೀಟು ಎಳೆದು ಒಂದು ‘ಅ’. ನಂಬರು ಬಂದರೆ ಬೇರೆ ರೇಷನ್ ಕಾರ್ಡು, ಬೇರೆ ಸೀಮೆಎಣ್ಣೆ, ಪೋಸ್ಟಿನವ ಬಂದರೆ ಬೇರೆ ಕಾಗದ.

ಮನೆಮನೆಗೆ ಹೋಗಿ ಒಲೆ ಎಣಿಸಲು ಒಬ್ಬ ಕಾರಕೂನರನ್ನು ನೇಮಿಸಿದರು. ಬೇರೆ ಊರಿನವರು, ಕನ್ನಡಕದವರು, ಮಾತು ಕಡಿಮೆ. ಅವರು ಎಣಿಸಿ ಹೇಳಿದ ನಂಬರನ್ನು ಬಾಗಿಲ ಮೇಲೆ ಬರೆಯುವ ಕೆಲಸ ನನಗೆ ಸಿಕ್ಕಿತು. ಅಚ್ಚು ಕತ್ತರಿಸಿಕೊಂಡು ಡಬ್ಬಿ ಹಿಡಿದು ಅವರ ಹಿಂದೆ ಹೊರಟೆ. ಮೊದಲ ದಿನವೇ ‘ಅ’ ತಗಡನ್ನು ಉಲ್ಟಾ ಹಿಡಿದು ಒಂದು ಓಣಿಯಲ್ಲಿ ಏಳು ಬಾಗಿಲಿಗೆ ಉಲ್ಟಾ ‘ಅ’ ಬರೆದೆ. “ಲೇ ಪೇಂಟರ್, ಇದನ್ನ ಓದಬೇಕಾದ್ರ ನಾ ಮನಿ ಒಳಗಿಂದ ಕನ್ನಡಿ ತರಬೇಕೇನು?” ಎಂದು ಒಬ್ಬ ಮುದುಕ ಕೂಗಿದ.

ಆ ತಿಂಗಳು ಆಳಂದದಲ್ಲಿ ಹುಟ್ಟಿದಷ್ಟು ಒಲೆಗಳು ಮತ್ತೆಂದೂ ಹುಟ್ಟಿಲ್ಲ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಅಂದರು. ಒಬ್ಬಾಕೆ ಸೊಸೆಯ ಜೊತೆ ಜಗಳವಾಡಿ ಬೇರೆಯಾದ ಹಾಗೆ ನಾಟಕ ಮಾಡಲು ಹೋಗಿ ಜಗಳ ನಿಜವಾಗಿಬಿಟ್ಟಿತು. ಕಾರಕೂನರೂ ಪಾಠ ಕಲಿತರು. ಒಲೆ ತೋರಿಸಿದ ಕಡೆಯೆಲ್ಲ ಬಗ್ಗಿ ಬೂದಿಯೊಳಗೆ ಕೈ ಇಟ್ಟು ನೋಡುತ್ತಿದ್ದರು. ಬೆಚ್ಚಗಿದ್ದರೆ ಬರೆದುಕೊಳ್ಳುವರು. ಸಂಜೆ ಹೊತ್ತಿಗೆ ಅವರ ಬಲಗೈ ಮೊಣಕೈತನಕ ಬೆಳ್ಳಗಿರುತ್ತಿತ್ತು. ಇನ್ನೊಂದು ಗೊಂದಲವೂ ಬಂತು. ಸ್ನಾನದ ನೀರು ಕಾಸುವ ಬಚ್ಚಲ ಒಲೆ, ನಾವು ನೀರೊಲಿ ಅನ್ನುವುದು, ಅದೂ ಬೆಚ್ಚಗೇ ಇರುತ್ತದಲ್ಲ? “ಅನ್ನಾ ಬೇಯಿಸೋ ಒಲಿ ಅಷ್ಟ ಲೆಕ್ಕ. ನೀರೊಲಿ ಲೆಕ್ಕಕ್ಕಿಲ್ಲ” ಎಂದು ಅವರು ತೀರ್ಪು ಕೊಟ್ಟರು. ಆ ತೀರ್ಪನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಕೇಳಿಸಿಕೊಳ್ಳದಿದ್ದರೆ ಚೆನ್ನಾಗಿತ್ತು.

ನಮ್ಮ ಓಣಿಯ ಪಾಳಿ ಬರುವ ಹಿಂದಿನ ದಿನ ಅಕ್ಕ ಬಾಗಿಲು ತೊಳೆದಳು. ಒಲೆಗೆ ಕೆಮ್ಮಣ್ಣು ಸಾರಿಸಿದಳು. ಚೌಕಟ್ಟಿನ ಮೇಲಿನ ಅಡ್ಡಪಟ್ಟಿಯನ್ನು ಸೆರಗಿನಿಂದ ಒರೆಸಿ ಅಂಗೈ ಅಗಲದ ಜಾಗ ತೋರಿಸಿದಳು.

“ಇಲ್ಲಿ ಬರಿ ತಮ್ಮಾ. ಮಳಿ ನೀರ ಬೀಳಬಾರ್ದು, ಅಷ್ಟ ಎತ್ತರಕ್ಕ.”

“ನಂಬರ ಬಂದ್ರ ಏನ್ ಮಾಡ್ತಿ ಅಕ್ಕಾ?”

“ಏನ್ ಮಾಡ್ಲಿ? ಓದ್ತೇನಿ.” ಸ್ವಲ್ಪ ನಾಚಿದಳು. “ನೂರಾ ಹದಿನಾಕ ನನಗ ಓದಾಕ ಬರಂಗಿಲ್ಲ, ಅದು ನಿನ್ನ ಮನಿದು. ಅದರ ಬಾಜೂಕ ಬರೋದು ಬರತದಲ್ಲ.”

ಅದೇ ದಿನ ಮಧ್ಯಾಹ್ನ ನಾನು ಚಹಾ ಕುಡಿಯಲು ಹೋದೆ. ಹೋಟೆಲಿನಲ್ಲಿ ನಾಲ್ಕು ಜನ ಕೂತಿದ್ದರು, ಎಲ್ಲರೂ ಗುರುತಿನವರೇ. ಒಬ್ಬ ಬಸಿಗೆ ಸುರಿದುಕೊಂಡ ಚಹಾ ಊದುತ್ತಾ, “ಏನಪಾ ಪೇಂಟರ್, ನಾಳೆ ನಿಮ್ಮ ಮನಿದೂ ಎರಡು ಒಲಿ ಅಂತಲ್ಲ? ಊರಿಗೆಲ್ಲಾ ನಂಬರ ಹಾಕಿ ಹಾಕಿ ನಿನ್ನ ಮನೀನ ಒಡದಿ ನೋಡು” ಎಂದ. ಇನ್ನೊಬ್ಬ, “ಇದ್ದಾಕಿ ಒಬ್ಬಾಕಿ ಅಕ್ಕ, ಆಕಿಗೂ ಒಲಿ ಬ್ಯಾರೆ ಇಡಿಸ್ಯಾನ, ಶಾಣ್ಯಾ ಅದಾನ” ಎಂದ. ಎಲ್ಲರೂ ನಕ್ಕರು. ಮಾತು ಅಷ್ಟೇ. ಅದನ್ನು ಆಡಿದವರು ಬಸಿ ಕೆಳಗಿಡುವಷ್ಟರಲ್ಲಿ ಮರೆತಿರಬೇಕು.

ನಮ್ಮ ಕಡೆ ‘ಒಲೆ ಬೇರೆ ಆಯಿತು’ ಅಂದರೆ ಮನೆ ಮುರಿಯಿತು ಎಂದೇ ಅರ್ಥ. ಅಕ್ಕನನ್ನು ಹೊರಗೆ ಹಾಕಿದವನು ಎಂದು ಹೆಸರು ಬರುತ್ತದಲ್ಲ ಎಂಬುದು ನನ್ನ ಚಿಂತೆಯಾಯಿತು. ಇನ್ನೊಂದು ಚಿಂತೆಯೂ ಇತ್ತು, ಅದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಬಾಗಿಲಿಗೆ ನಂಬರು ಬಿದ್ದರೆ ಹಿತ್ತಲು ಅಕ್ಕನದಾಗುತ್ತದೆ. ಇವತ್ತು ಒಲೆ, ನಾಳೆ ಗೋಡೆ. ಹಾಗೆ ಅವಳು ಕೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಯೋಚನೆ ಬಂತು, ಬಂದದ್ದನ್ನು ನಾನು ಓಡಿಸಲಿಲ್ಲ.

ಮರುದಿನ ಕಾರಕೂನರು ನಮ್ಮ ಮುಂಬಾಗಿಲಿಗೆ ಬಂದು ನಿಂತರು. ಹಿಂದೆ ಓಣಿಯ ಜನ. ಚಹಾದ ಹೋಟೆಲಿನಲ್ಲಿ ಮಾತಾಡಿದ ಆ ಇಬ್ಬರೂ ಇದ್ದರು. ನನ್ನ ಕೈಯಲ್ಲಿ ಡಬ್ಬಿ, ಬ್ರಶ್ಶು, ತಗಡು.

“ಇದು ನಿನ್ನ ಮನಿನೇ ಅಲ್ಲೇನಪಾ? ಹೇಳು. ಎಷ್ಟು ಒಲಿ?”

“ಒಂದ ರಿ” ಎಂದೆ.

ಹಿತ್ತಲಿಂದ ಪಟಪಟ ಪಟಪಟ ಕೇಳುತ್ತಿತ್ತು. ಅವರು ತಲೆ ಎತ್ತಿದರು. “ಹಿಂದ ಹೊಗಿ ಏಳಾಕತ್ತದಲ್ಲ?”

“ಅದು ನೀರೊಲಿ ರಿ.”

“ಮತ್ತ ಈ ಸಪ್ಪಳ?”

“ಅರಿವಿ ಒಗ್ಯಾಕತ್ತಾರ್ರಿ.”

ಸಾವಿರ ಒಲೆಯ ಬೂದಿಗೆ ಕೈ ಹಾಕಿದ ಮನುಷ್ಯ, ತನ್ನ ಜೊತೆಗಾರನ ಮನೆ ಎಂದು, ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ಒಳಗೆ ಬರಲಿಲ್ಲ. “ಒಲೆ ೧, ನೀರೊಲೆ ೧” ಎಂದು ಬರೆದುಕೊಂಡು ಪುಸ್ತಕ ಮುಂದೆ ಹಿಡಿದರು. ನನ್ನ ದುಂಡನೆಯ ಅಕ್ಷರದಲ್ಲಿ ರುಜು ಹಾಕಿದೆ. ಮುಂಬಾಗಿಲಿಗೆ ೧೧೪ ಎಂದು ಬರೆದೆ. ಹಿತ್ತಲಲ್ಲಿ ಸಪ್ಪಳ ಯಾವಾಗ ನಿಂತಿತೋ ತಿಳಿಯಲಿಲ್ಲ.

ಮಧ್ಯಾಹ್ನ ಗಿಡದ ನೆರಳಲ್ಲಿ ಕಾರಕೂನರು ಖಾನಾವಳಿಯ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಲೆ. ರೊಟ್ಟಿಯನ್ನು ಬಿಸಿಲಿಗೆ ಹಿಡಿದು, “ನೋಡಪಾ, ಎಷ್ಟು ತೆಳ್ಳಗ ಅದ. ಬಂದ ದಿನದಿಂದ ತಿನ್ನಾಕತ್ತೇನಿ, ಇದನ್ನ ಬಡಿಯೋ ತಾಯಿ ಯಾರಂತ ಗೊತ್ತಾಗಿಲ್ಲ. ನಿನಗೇನರ ಗೊತ್ತದೇನು?” ಎಂದು ಕೇಳಿದರು. ಅದು ನನಗೆ ಸಿಕ್ಕ ಎರಡನೆಯ ಅವಕಾಶ. “ಇಲ್ರಿ” ಎಂದೆ. ಅವರು ಅರ್ಧ ರೊಟ್ಟಿ ಮುರಿದು ಕೊಟ್ಟರು. ಅದನ್ನೂ ತಿಂದೆ.

ಮನೆಗೆ ಬಂದೆ. ಶಾಂತಾ ಎದ್ದು ಒಳಗೆ ಹೋದಳು. ಅಕ್ಕ ತಾನೇ ತಾಟು ತಂದು ನನ್ನ ಮುಂದಿಟ್ಟಳು. ಎರಡು ಬಿಸಿ ರೊಟ್ಟಿ, ಮೇಲೆ ಬೆಣ್ಣೆ.

“ತಗೋ,” ಅಂದಳು. “ನೀರೊಲಿ ರೊಟ್ಟಿ.”

ಬೈಯಲಿಲ್ಲ, ಅಳಲಿಲ್ಲ. ಆಮೇಲೆ ಅದೇ ಅವಳ ಮಾತಾಯಿತು. ದಿನಾ ಎರಡು ರೊಟ್ಟಿ ನಮ್ಮ ಮನೆಗೆ ಬರುತ್ತಿದ್ದವು, ದಿನಾ ಆ ಹೆಸರಿನ ಜೊತೆ. ನೆಂಟರು ಬಂದರೆ, “ನನ್ನ ತಮ್ಮಗ ನೀರೊಲಿ ರೊಟ್ಟಿ ಅಂದ್ರ ಭಾಳ ಪ್ರೀತಿ” ಅನ್ನುವಳು. ಅವರು ಅದ್ಯಾವುದೋ ಹೊಸ ನಮೂನೆಯ ರೊಟ್ಟಿ ಇರಬೇಕೆಂದು ಹೊಗಳಿ ತಿನ್ನುವರು. ನಾನು ತಲೆ ತಗ್ಗಿಸಿ ತಿನ್ನುವೆ.

ಪಟ್ಟಿಯಲ್ಲಿ ತಪ್ಪಿದ್ದರೆ ಒಂದು ತಿಂಗಳೊಳಗೆ ತಿದ್ದಿಸಿಕೊಳ್ಳಬಹುದಿತ್ತು. ಪುರಸಭೆಯ ಮೆಟ್ಟಿಲು ನನ್ನ ಅಂಗಡಿಯಿಂದ ಕಾಣುತ್ತಿತ್ತು. ನಾಳೆ ಹೋಗೋಣ ಎನ್ನುತ್ತಿದ್ದೆ. ಹೋದರೆ ಸುಳ್ಳು ಹೇಳಿದೆ ಎಂದು ಕಾರಕೂನರ ಮುಂದೆ ಒಪ್ಪಿಕೊಳ್ಳಬೇಕಲ್ಲ, ಬೋರ್ಡಿನ ಕೆಲಸ ಕೈತಪ್ಪಿದರೆ ಏನು ಗತಿ ಎಂದುಕೊಳ್ಳುತ್ತಿದ್ದೆ. ತಿಂಗಳು ಮುಗಿದ ದಿನ ನನಗೆ ಸಮಾಧಾನವಾಯಿತು. ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದೇ.

ಅಕ್ಕ ರೇಷನ್ ಕಾರ್ಡು ಕೇಳಲು ಹೋದಾಗ, “ಮನಿ ನಂಬರ ಏನಬೇ?” ಎಂದರಂತೆ. ಇವಳು ನೂರಾ ಹದಿನಾಕರ ಹಿಂದಿನದು ಎಂದಳಂತೆ. ಪಟ್ಟಿ ನೋಡಿ, “ಅಲ್ಲಿ ನೀರೊಲಿ ಅದ, ಮನಿ ಇಲ್ಲ” ಎಂದು ಕಳಿಸಿದರಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ಶಾಂತಾ ಹೇಳಿದಳು.

ಹನ್ನೊಂದು ತಿಂಗಳ ಮೇಲೆ ಅಕ್ಕ ಜೇವರ್ಗಿಗೆ ಹೋದಳು. ಅಲ್ಲಿಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯುವವರು ಬೇಕಾಗಿತ್ತು, ಯಾರದೋ ಮನೆಯ ಹಿಂದೆ ಬಾಡಿಗೆಗೆ ಖೋಲಿಯೂ ಸಿಕ್ಕಿತ್ತು. ಹೋಗುವಾಗಲೂ ಹಂಚು ಬಗಲಲ್ಲೇ. ಒಲೆ ಮಾತ್ರ ಕೆಮ್ಮಣ್ಣು ಸಾರಿಸಿ ಹಾಗೇ ಬಿಟ್ಟಳು.

“ಒಡೀಬ್ಯಾಡ್ರಿ,” ಅಂದಳು ಬಾಗಿಲಲ್ಲಿ ನಿಂತು. “ನೀರ ಕಾಸಾಕ ಬೇಕಾಗತದ.”

ಎರಡು ವರ್ಷ ಬಿಟ್ಟು ನಾನು ಜೇವರ್ಗಿಗೆ ಹೋದೆ. ಚೀಲದಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡಿದ್ದೆ, ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳ ಖೋಲಿಯ ಬಾಗಿಲ ಮೇಲೆ ನಂಬರಿತ್ತು. ಯಾರೋ ಕೈ ನಡುಗುವವನು ಬರೆದದ್ದು. ಬಣ್ಣ ಸೋರಿ ಅಂಕಿಗಳಿಗೆ ಗಡ್ಡ ಬಂದಿತ್ತು. ಅವುಗಳ ಪಕ್ಕ ಒಂದು ಓರೆ ಗೀಟು, ಒಂದು ಹೊಟ್ಟೆ ಬಾತ ‘ಅ’.

“ಭಾಳ ಖರಾಬ ಬರದಾರ ಅಕ್ಕಾ. ನಾ ಚಂದಗ ಬರದು ಕೊಡ್ತೇನಿ” ಎಂದು ಡಬ್ಬಿ ತೆಗೆದೆ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. “ಕೈ ಹಚ್ಚಬ್ಯಾಡ. ನಾ ದಿನಾ ಓದೋದು ಅದನ್ನ. ಅದನ್ನ ಅಳಿಸಿ ಮತ್ತ ಬರ್ಯೂತನಾ ನನಗ ತಾಳ್ಮಿ ಇಲ್ಲ.”

ಕೂತೆ. ರೊಟ್ಟಿ ಹಾಕಿದಳು. ಈ ಸಲ ರೊಟ್ಟಿಯ ಹೆಸರು ಹೇಳಲಿಲ್ಲ. ಅದಕ್ಕಿಂತ ಹೇಳಿದ್ದರೆ ಚೆನ್ನಾಗಿತ್ತೆನಿಸಿತು.

“ಮನಿಗೆ ಬಾ ಅಕ್ಕಾ” ಎಂದೆ.

“ಬರ್ತೇನಲ್ಲ. ಎಳ್ಳ ಅಮಾಸಿಗೆ ಬರ್ತೇನಿ, ನಿನ್ನ ಮನಿಗೆ. ಶಾಂತಾಗ ಸಜ್ಜಿ ರೊಟ್ಟಿ ಬಡಿಯಾಕ ಬರಂಗಿಲ್ಲ, ಹೇಳು, ನಾ ಬಂದ ಬಡಿತೇನಿ ಅಂತ.” ರೊಟ್ಟಿ ತಿರುವಿ ಹಾಕಿದಳು. “ನನ್ನ ಮನಿ ಅಂತೂ ಅಲ್ಲಿಲ್ಲ ತಮ್ಮಾ. ಪುಸ್ತಕದಾಗ ನೀನ ಬರಸೀದಿ.”

ಎಳ್ಳಮಾವಾಸ್ಯೆಗೆ ಬಂದಳು, ಮುಂದೆಯೂ ಬಂದಳು. ಮರುದಿನ ಹೋಗುತ್ತಿದ್ದಳು. ಹಿತ್ತಲ ಖೋಲಿಗೆ ಒಮ್ಮೆಯೂ ಕಾಲಿಡಲಿಲ್ಲ. ಅವಳು ಹೇಳಿದ ಹಾಗೆಯೇ ಆ ಒಲೆ ನಮಗೆ ನೀರು ಕಾಸಲು ಬೇಕಾಗಿತ್ತು. ಹಳೆಯ ಬಚ್ಚಲ ಗೋಡೆ ಕುಸಿದ ಮೇಲೆ ತಾಮ್ರದ ಹಂಡೆಯನ್ನು ಅದರ ಮೇಲಿಟ್ಟೆವು. ಅವಳ ಬೆರಳಿನ ಗುರುತು ಕೆಮ್ಮಣ್ಣಿನಲ್ಲಿ ಇನ್ನೂ ಇತ್ತು. ಮಸಿ ಅದನ್ನು ನಿಧಾನಕ್ಕೆ ಮುಚ್ಚಿತು.

ಹೋದ ತಿಂಗಳು ಪುರಸಭೆಯಿಂದ ಮತ್ತೆ ಎಣಿಕೆಗೆ ಬಂದರು. ಈಗ ಬ್ರಶ್ಶಿನ ಕೆಲಸವಿಲ್ಲ, ತಗಡಿನ ಪಟ್ಟಿ ತಂದು ಮೊಳೆ ಹೊಡೆಯುತ್ತಾರೆ. ಬಂದವನು ಹೊಸಬ, ಇನ್ನೂ ಮೀಸೆ ಚಿಗುರುತ್ತಿದ್ದ ಕಾರಕೂನ. ಆದರೆ ಪ್ರಶ್ನೆ ಹಳೆಯದೇ.

“ಎಷ್ಟು ಒಲಿ ರಿ ಅಜ್ಜಾರ?”

“ಎರಡು” ಎಂದೆ. ಇಷ್ಟು ವರ್ಷ ಬಾಯಲ್ಲಿ ಹಿಡಿದುಕೊಂಡಿದ್ದೆನಲ್ಲ, ಜೋರಾಗಿಯೇ ಬಂತು. ಎದುರು ಮನೆಯವರು ಹೊರಗೆ ಬಂದು ನೋಡಿದರು. “ಹಿಂದ ನಮ್ಮಕ್ಕಂದು ಅದ. ಬಾಗಲಾ ಬ್ಯಾರೆ, ಒಲಿ ಬ್ಯಾರೆ. ಮಾಲಕ ನಾನ ಅದೇನಿ, ರುಜು ಹಾಕ್ತೇನಿ. ಬರಕೋರಿ, ನೂರಾ ಹದಿನಾಕ, ಗೀಟು, ಅ.”

“ಅವರೆಲ್ಲಿ ಅದಾರ?”

“ಬರ್ತಾಳ. ನಂಬರ ಬರಲಿ, ಬರ್ತಾಳ.”

ಆ ಹುಡುಗ ಮೊದಲಿನವರ ಹಾಗೆ ನಂಬುವವನಲ್ಲ. ನೋಡಬೇಕು ಎಂದ. ಹಿತ್ತಲಿಗೆ ಕರೆದುಕೊಂಡು ಹೋದೆ. ಬಾಗಿಲು ತೆರೆದೆ. ಶಾಂತಾ ಆಗಷ್ಟೇ ಸ್ನಾನಕ್ಕೆ ನೀರು ಕಾಸಿದ್ದಳು. ಅವನು ಬಗ್ಗಿ ಬೂದಿಯ ಹತ್ತಿರ ಕೈ ಹಿಡಿದ. ಬೆಚ್ಚಗಿತ್ತು. ತಲೆ ಎತ್ತಿ ಹಂಡೆ ನೋಡಿದ, ಗೋಡೆಯ ಮಸಿ ನೋಡಿದ, ಮೂಲೆಯಲ್ಲಿದ್ದ ತಂಬಿಗೆ, ಸಾಬೂನು ನೋಡಿದ.

“ಏನ್ ಅಜ್ಜಾರ, ಚಾಷ್ಟಿ ಮಾಡ್ತೀರಿ?” ಎಂದು ನಕ್ಕ. “ಇದು ನೀರೊಲಿ ಅಲ್ಲೇನ್ರಿ?”

“ಹೌದ್ರಿ,” ಎಂದೆ. “ನಾನ ಮಾಡಿದ್ದು.”

ಅವನಿಗೆ ಅರ್ಥವಾಗಲಿಲ್ಲ. ಪುಸ್ತಕ ಬಿಚ್ಚಿ ‘ಒಲೆ ೧’ ಎಂದು ಬರೆದುಕೊಂಡು, ರುಜು ಹಾಕಲು ಪೆನ್ನು ನನ್ನ ಕಡೆ ಚಾಚಿದ.